ನಿಮ್ಮ ಸಂಸ್ಥೆಯ ವಿಕಿಪೀಡಿಯ ಪುಟವನ್ನು ನೀವೇ ತಿದ್ದಬಹುದೇ?

"ಮಾರಾಯ್ರೆ, ನಮ್ಮ ಸಂಘದ ಬಗ್ಗೆ ವಿಕಿಪೀಡಿಯದಲ್ಲಿ ಇರುವುದು ತಪ್ಪು. ಅದನ್ನು ನಾವೇ ಸರಿ ಮಾಡ್ಬಹುದಲ್ವಾ?"

ಮಂಗಳೂರು, ಉಡುಪಿ ಕಡೆ ಈ ಪ್ರಶ್ನೆಯನ್ನು ನನ್ನಲ್ಲಿ ಕೇಳದವರು ಕಡಿಮೆ. ಸಹಕಾರಿ ಸಂಘದವರು ಕೇಳಿದ್ದಾರೆ. ಕಾಲೇಜು ಕಚೇರಿಯವರು, ದೇವಸ್ಥಾನದ ವ್ಯವಸ್ಥಾಪನಾ ಸಮಿತಿಯವರು, ಯಕ್ಷಗಾನ ಕಲಾವಿದರ ಮಕ್ಕಳು ಕೂಡ ಕೇಳಿದ್ದಾರೆ. ಕನ್ನಡ ಮತ್ತು ತುಳು ವಿಕಿಪೀಡಿಯಗಳಲ್ಲಿ ಸ್ವಯಂಸೇವಕನಾಗಿ ತಿದ್ದುವ ನಾನು ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಒಂದೇ ಮಾತಿನಲ್ಲಿ ಉತ್ತರ ಬೇಕಾದವರಿಗೆ: ತಪ್ಪನ್ನು ಸರಿ ಮಾಡಿಸುವ ಹಕ್ಕು ನಿಮಗೆ ಪೂರ್ತಿ ಇದೆ. ಆದರೆ ನೀವು ಯಾರೆಂದು ಮೊದಲು ಹೇಳಿ, ಆಧಾರ ಕೊಟ್ಟು, ಪುಟದ ಜೊತೆಗಿರುವ ಚರ್ಚೆ ಪುಟದಲ್ಲಿ ಕೇಳಿ, ಸಂಸ್ಥೆಗೆ ಸಂಬಂಧವಿಲ್ಲದ ಇನ್ನೊಬ್ಬರ ಕೈಯಲ್ಲಿ ಮಾಡಿಸಬೇಕು.

ಇದಕ್ಕೆ ಕಾರಣವಾದ ಸಂಗತಿಗೆ "ಹಿತಾಸಕ್ತಿ ಸಂಘರ್ಷ" ಎಂದು ಹೆಸರು. ನೀವು ಬರೆಯುತ್ತಿರುವ ವಿಷಯದಿಂದ ನಿಮಗೆ ಸಂಬಳವೋ ಲಾಭವೋ ಗೌರವವೋ ಬರುತ್ತದೆ ಎಂದಾದರೆ, ಅಥವಾ ಅದು ನಿಮ್ಮ ಕುಟುಂಬದ ವಿಷಯವಾಗಿದ್ದರೆ, ನಿಮ್ಮ ಹಿತವೂ ಓದುಗನ ಹಿತವೂ ಒಂದೇ ದಿಕ್ಕಿಗೆ ಹೋಗದಿರಬಹುದು. ಕಂಬಳದಲ್ಲಿ ಕೋಣಗಳ ಯಜಮಾನರೇ ಓಟ ಮುಗಿಯುವ ಮಂಜೊಟ್ಟಿಯಲ್ಲಿ ನಿಂತು ತೀರ್ಪು ಕೊಡುವುದನ್ನು ಊಹಿಸಿ. ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ಕರೆಯ, ಎಂದರೆ ಕೋಣಗಳು ಓಡುವ ಕೆಸರುಗದ್ದೆಯ, ಸುತ್ತ ನಿಂತ ಜನ ಆ ತೀರ್ಪನ್ನು ಒಪ್ಪುವುದಿಲ್ಲ. ಹಿತಾಸಕ್ತಿ ಸಂಘರ್ಷ ಇದೆ ಎಂದರೆ ನೀವು ಸುಳ್ಳು ಹೇಳುತ್ತಿದ್ದೀರಿ ಎಂದು ಅರ್ಥವಲ್ಲ. ಆ ಜಾಗದಲ್ಲಿ ನಿಲ್ಲಬೇಕಾದವರು ನೀವಲ್ಲ ಎಂದಷ್ಟೇ ಅರ್ಥ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಒಳ್ಳೆಯ ಜನ ಮನಸ್ಸು ನೋಯಿಸಿಕೊಂಡು ಹೋಗಿದ್ದಾರೆ.

ಹೊರಡುವ ಮೊದಲು ಮೂರು ವಸ್ತು ಕೈಯಲ್ಲಿರಲಿ: ನಿಮ್ಮ ಸ್ವಂತದ್ದೊಂದು ಬಳಕೆದಾರ ಖಾತೆ, ಸಂಸ್ಥೆಗೆ ಸಂಬಂಧಪಡದವರು ಪ್ರಕಟಿಸಿದ ದಾಖಲೆಗಳು, ಕೆಲವು ವಾರ ಕಾಯುವ ತಾಳ್ಮೆ.

1. ಪುಟದ ಇತಿಹಾಸ ಓದಿ

ಪುಟದ ಮೇಲ್ಭಾಗದಲ್ಲಿ ಇತಿಹಾಸ ನೋಡುವ ಕೊಂಡಿ ಇರುತ್ತದೆ. ಅದನ್ನು ಒತ್ತಿ. ಯಾವ ಖಾತೆ ಯಾವ ದಿನ ಎಷ್ಟು ಗಂಟೆಗೆ ಏನು ಸೇರಿಸಿತು, ಏನು ತೆಗೆಯಿತು ಎಂಬುದೆಲ್ಲ ಸಾಲುಸಾಲಾಗಿ ಕಾಣುತ್ತದೆ. ನಿಮಗೆ ಕಾಣುವ ಹಾಗೆಯೇ ಊರಿಗೆಲ್ಲ ಕಾಣುತ್ತದೆ, ಪತ್ರಕರ್ತರಿಗೂ ಕಾಣುತ್ತದೆ.

ಇದನ್ನೇ ಮೊದಲ ಹೆಜ್ಜೆಯಾಗಿ ಇಡಲು ಕಾರಣವಿದೆ. ನಿಮಗಿಂತ ಮೊದಲು ನಿಮ್ಮದೇ ಸಂಸ್ಥೆಯ ಯಾರೋ ಪುಟವನ್ನು ಕೆಡಿಸಿಟ್ಟಿರುವ ಸಾಧ್ಯತೆ ಹೆಚ್ಚು. ಇಲ್ಲಿನದೇ ಒಂದು ಶಿಕ್ಷಣ ಸಂಸ್ಥೆಯವರು ತಮ್ಮ ಪುಟ ಅಳಿದುಹೋಯಿತೆಂದು ನನ್ನ ಹತ್ತಿರ ಬಂದಾಗ, ಅವರ ಕಚೇರಿಯವರೇ ಪ್ರಾಸ್ಪೆಕ್ಟಸ್‌ನ ಪಠ್ಯವನ್ನು ಪ್ರಾಂಶುಪಾಲರ ಸಂದೇಶವೂ ಸೇರಿದಂತೆ ಇದ್ದಂತೆಯೇ ಅಂಟಿಸಿದ್ದು ಗೊತ್ತಾಯಿತು. ಬಂದವರಿಗೆ ಆ ವಿಷಯವೇ ತಿಳಿದಿರಲಿಲ್ಲ. ಹಳೆಯದು ಏನಾಗಿದೆ ಎಂದು ತಿಳಿಯದೆ ಹೊಸದನ್ನು ಕೇಳಲು ಹೋದರೆ ಮೊದಲ ಮಾತಿಗೇ ನಂಬಿಕೆ ಕಳೆದುಕೊಳ್ಳುತ್ತೀರಿ.

2. ವ್ಯಕ್ತಿಯ ಹೆಸರಿನಲ್ಲಿ ಖಾತೆ ತೆರೆಯಿರಿ

ಸಂಸ್ಥೆಯ ಹೆಸರನ್ನೇ ಖಾತೆಯ ಹೆಸರಾಗಿ ಇಡಬೇಡಿ. ಒಂದು ಖಾತೆ ಎಂದರೆ ಒಬ್ಬ ಮನುಷ್ಯ ಎಂಬುದು ನಿಯಮ. ಕಚೇರಿಯ ನಾಲ್ಕು ಜನ ಒಂದೇ ಪಾಸ್‌ವರ್ಡ್ ಹಂಚಿಕೊಂಡು ಬಳಸುವಂತಿಲ್ಲ. ಸಂಸ್ಥೆಯ ಹೆಸರಿನ ಖಾತೆಗಳನ್ನು ಇಂಗ್ಲಿಷ್ ವಿಕಿಪೀಡಿಯದಲ್ಲಿ ಪ್ರಚಾರದ ಖಾತೆಯೆಂದು ತಡೆಯುತ್ತಾರೆ.

ಲಾಗಿನ್ ಆಗದೆ ತಿದ್ದಿದರೆ ಗುರುತು ಸಿಗುವುದಿಲ್ಲ ಎಂದು ಕೆಲವರು ಭಾವಿಸುತ್ತಾರೆ. 2007ರಲ್ಲಿ ವರ್ಜಿಲ್ ಗ್ರಿಫಿತ್ ಎಂಬವರು ವಿಕಿಸ್ಕ್ಯಾನರ್ ಎಂಬ ಸಲಕರಣೆ ಮಾಡಿ, ಹೆಸರಿಲ್ಲದೆ ಮಾಡಿದ ತಿದ್ದುಪಡಿಗಳ ಐಪಿ ವಿಳಾಸವನ್ನು, ಎಂದರೆ ಅಂತರ್ಜಾಲದಲ್ಲಿ ಕಂಪ್ಯೂಟರಿನ ವಿಳಾಸವನ್ನು, ಆಯಾ ಸಂಸ್ಥೆಗಳ ಜಾಲಕ್ಕೆ ತಾಳೆ ಹಾಕಿ ತೋರಿಸಿದರು. ದೊಡ್ಡ ದೊಡ್ಡ ಕಂಪನಿಗಳೂ ಸರ್ಕಾರಿ ಕಚೇರಿಗಳೂ ತಮ್ಮ ಬಗೆಗಿನ ಟೀಕೆಯನ್ನು ಕತ್ತರಿಸಿದ್ದು ಆಗ ಹೊರಬಿದ್ದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು.

3. ನೀವು ಯಾರೆಂದು ಬರೆದಿಡಿ

ಇದು ಸೌಜನ್ಯಕ್ಕೆ ಮಾಡುವ ಕೆಲಸವಲ್ಲ. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ 2014ರ ಜೂನ್‌ನಲ್ಲಿ ತನ್ನ ಬಳಕೆಯ ಷರತ್ತುಗಳಲ್ಲೇ ಇದನ್ನು ಸೇರಿಸಿದೆ. ಹಣ ಪಡೆದು ತಿದ್ದುವವರು ತಮಗೆ ಕೆಲಸ ಕೊಟ್ಟವರು ಯಾರು, ಯಾರ ಪರವಾಗಿ ತಿದ್ದುತ್ತಿದ್ದೇವೆ, ಬೇರೇನಾದರೂ ಸಂಬಂಧವಿದೆಯೇ ಎಂಬ ಮೂರನ್ನೂ ಬಹಿರಂಗಪಡಿಸಲೇಬೇಕು. ತಮ್ಮ ಸದಸ್ಯ ಪುಟದಲ್ಲಾಗಲಿ (ಖಾತೆಯ ಜೊತೆಗೇ ಸಿಗುವ ಸ್ವಂತ ಪುಟ), ಚರ್ಚೆ ಪುಟದಲ್ಲಾಗಲಿ, ತಿದ್ದುಪಡಿಯ ಸಾರಾಂಶದಲ್ಲಾಗಲಿ (ಉಳಿಸುವಾಗ ಏನು ಬದಲಿಸಿದಿರಿ ಎಂದು ಬರೆಯುವ ಸಾಲು) ಬರೆದರೆ ಸಾಕು.

"ನನಗೆ ಇದಕ್ಕೆಂದು ಬೇರೆ ದುಡ್ಡು ಕೊಡುವುದಿಲ್ಲವಲ್ಲ" ಎಂಬ ಮಾತನ್ನು ಬಹಳ ಸಲ ಕೇಳಿದ್ದೇನೆ. ಪುಟ ನೋಡಿಕೊಳ್ಳುವುದು ನಿಮ್ಮ ಕೆಲಸದ ಭಾಗವಾಗಿದ್ದರೆ ತಿಂಗಳ ಸಂಬಳವೇ ಆ ದುಡ್ಡು. ಪ್ರಚಾರ ವಿಭಾಗದ ನೌಕರರಿಗೂ ಇಂಟರ್ನ್‌ಶಿಪ್‌ಗೆ ಬಂದ ವಿದ್ಯಾರ್ಥಿಗೂ ಜಾಹೀರಾತು ಏಜೆನ್ಸಿಗೂ ಇದು ಅನ್ವಯ. ಸಂಬಳವಿಲ್ಲದ ನಿರ್ದೇಶಕರು, ಮೊಕ್ತೇಸರರು, ಕಲಾವಿದರ ಮಗ ಅಥವಾ ಮಗಳು, ಅಭಿಮಾನಿ ಬಳಗದ ಕಾರ್ಯದರ್ಶಿ ಇವರು ಹಣದ ನಿಯಮಕ್ಕೆ ಬರದಿದ್ದರೂ ಹಿತಾಸಕ್ತಿ ಸಂಘರ್ಷದ ಮಾರ್ಗಸೂಚಿಗೆ ಬರುತ್ತಾರೆ.

ಹೀಗೆ ಹೇಳಿಕೊಂಡರೆ ಮರ್ಯಾದೆ ಹೋಗುತ್ತದೆ ಎಂದು ಅನೇಕರು ಹಿಂಜರಿಯುತ್ತಾರೆ. ನಾನು ಕಂಡಂತೆ ನಡೆಯುವುದು ತಿರುಗುಮುರುಗು. "ನಾನು ಈ ಆಸ್ಪತ್ರೆಯ ಸಾರ್ವಜನಿಕ ಸಂಪರ್ಕ ವಿಭಾಗದಲ್ಲಿದ್ದೇನೆ" ಎಂದು ಬರೆದವರಿಗೆ ಬೇರೆ ಸಂಪಾದಕರು, ಎಂದರೆ ವಿಕಿಪೀಡಿಯ ತಿದ್ದುವ ಇತರರು, ತಾಳ್ಮೆಯಿಂದ ಉತ್ತರಿಸುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದವರ ಸರಿಯಾದ ಮಾತನ್ನೂ ಆಮೇಲೆ ಯಾರೂ ನಂಬುವುದಿಲ್ಲ.

4. ನೇರವಾಗಿ ಮಾಡಬಹುದಾದದ್ದು ಯಾವುದು?

ಕೆಲವು ಕೆಲಸಕ್ಕೆ ಯಾರನ್ನೂ ಕಾಯಬೇಕಿಲ್ಲ. ಕಾಗುಣಿತದ ತಪ್ಪು, ಕೆಟ್ಟುಹೋದ ಕೊಂಡಿ, ಯಾರೋ ಕಿಡಿಗೇಡಿ ಬರೆದ ಬೈಗುಳ, ಬದುಕಿರುವ ವ್ಯಕ್ತಿಯ ಮೇಲೆ ಆಧಾರವೇ ಇಲ್ಲದೆ ಹೊರಿಸಿದ ಆರೋಪ ಇವನ್ನು ಸರಿಪಡಿಸಿ, ಏಕೆ ಮಾಡಿದಿರಿ ಎಂದು ಸಾರಾಂಶದಲ್ಲಿ ಬರೆಯಿರಿ. ಉಳಿದದ್ದೆಲ್ಲ ಚರ್ಚೆ ಪುಟಕ್ಕೆ ಹೋಗಲಿ. ಒಂದು ತಿದ್ದುಪಡಿಯನ್ನು ಒಬ್ಬನಾದರೂ ಪ್ರಾಮಾಣಿಕವಾಗಿ ಆಕ್ಷೇಪಿಸಬಹುದು ಎಂದು ನಿಮಗೆ ಅನ್ನಿಸಿದರೆ ಅದನ್ನು ನೇರವಾಗಿ ಮಾಡಬೇಡಿ.

5. ಆಧಾರ ಹುಡುಕಿ

ನಮ್ಮ ಕರಾವಳಿಯವರು ಎಡವುವುದು ಹೆಚ್ಚಾಗಿ ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ವಿಕಿಪೀಡಿಯ ಕೇಳುವುದು ಸ್ವತಂತ್ರ ಆಧಾರ. ಎಂದರೆ ನಿಮ್ಮ ಸಂಸ್ಥೆಯ ಹಣ, ಒತ್ತಾಯ, ಸಂಬಂಧ ಯಾವುದೂ ಇಲ್ಲದೆ, ಸಂಪಾದಕರ ಪರಿಶೀಲನೆಗೆ ಒಳಪಟ್ಟು ಪ್ರಕಟವಾದ ಬರಹ. ನಮ್ಮಲ್ಲಿ ಸುವರ್ಣ ಮಹೋತ್ಸವ ಮಾಡಿದ ಪ್ರತಿ ಸಂಘಕ್ಕೂ ಶಾಲೆಗೂ ಒಂದು ಸ್ಮರಣ ಸಂಚಿಕೆ ಇರುತ್ತದೆ. ಪುಟ ತುಂಬ ಪ್ರೀತಿ ಇರುತ್ತದೆ, ಬೇರೆಲ್ಲೂ ಸಿಗದ ಮಾಹಿತಿಯೂ ಇರುತ್ತದೆ. ಆದರೆ ಅದನ್ನು ಅಚ್ಚು ಹಾಕಿಸಿದವರು ನೀವೇ. ಸ್ಥಾಪನೆಯಾದ ವರ್ಷ, ಮೊದಲ ಅಧ್ಯಕ್ಷರ ಹೆಸರು, ಕಟ್ಟಡ ಉದ್ಘಾಟನೆಯಾದ ದಿನ ಇಂತಹ ತಕರಾರಿಲ್ಲದ ಸಂಗತಿಗೆ ಅದನ್ನು ಬಳಸಬಹುದು. "ಜಿಲ್ಲೆಯಲ್ಲೇ ಮೊದಲನೆಯದು", "ಅತ್ಯಂತ ದೊಡ್ಡದು" ಎಂಬುದಕ್ಕೆ ಅದು ಸಾಲದು.

ಪತ್ರಿಕೆಯಲ್ಲಿ ಬಂದದ್ದೆಲ್ಲ ಸ್ವತಂತ್ರ ಎಂದೂ ತಿಳಿಯಬೇಡಿ. ಬ್ರಹ್ಮಕಲಶೋತ್ಸವಕ್ಕೋ ಹೊಸ ಶಾಖೆಯ ಉದ್ಘಾಟನೆಗೋ ಬರುವ ನಾಲ್ಕು ಪುಟದ ಬಣ್ಣದ ಪುರವಣಿಯನ್ನು ಕೈಯಲ್ಲಿ ಹಿಡಿದು ನೋಡಿ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ "ಜಾಹೀರಾತು" ಎಂದಿರುತ್ತದೆ, ಇಲ್ಲದಿದ್ದರೆ ಶುಭಕೋರುವವರ ಪಟ್ಟಿ ಸುತ್ತಲೂ ಇರುತ್ತದೆ. ಅಂತಹದು ನಿಮ್ಮ ಹಣದಿಂದ ಬಂದ ಬರಹ. ನೀವು ಕಳುಹಿಸಿದ ಪತ್ರಿಕಾ ಪ್ರಕಟಣೆ ಐದು ಪತ್ರಿಕೆಗಳಲ್ಲಿ ಅದೇ ವಾಕ್ಯಗಳಲ್ಲಿ ಅಚ್ಚಾಗಿದ್ದರೆ ಅದನ್ನು ಒಂದೇ ಆಧಾರವೆಂದು, ಅದೂ ನಿಮ್ಮದೇ ಎಂದು ಲೆಕ್ಕ ಹಾಕುತ್ತಾರೆ. ವರದಿಗಾರರು ತಾವೇ ಬಂದು, ನಾಲ್ಕು ಜನರನ್ನು ಮಾತಾಡಿಸಿ ಬರೆದ ವರದಿಯೇ ಬೇಕು.

ಇನ್ನು ಎಲ್ಲಿ ಹುಡುಕುವುದು? ಜಿಲ್ಲಾ ಗೆಜೆಟಿಯರ್, ಶಾಸನ ಸಂಪುಟಗಳು, ವಿಶ್ವವಿದ್ಯಾಲಯಗಳು ಪ್ರಕಟಿಸಿದ ಸಂಶೋಧನ ಗ್ರಂಥಗಳು, ಅಕಾಡೆಮಿಗಳ ಪ್ರಕಟಣೆಗಳು, ರಾಜ್ಯೋತ್ಸವ ಪ್ರಶಸ್ತಿಯ ಸರ್ಕಾರಿ ಪಟ್ಟಿ, ಪತ್ರಿಕೆಗಳ ಹಳೆಯ ಸಂಚಿಕೆಗಳು. ಅಂತರ್ಜಾಲದಲ್ಲಿ ಇರಲೇಬೇಕೆಂದಿಲ್ಲ. ಮಣಿಪಾಲದಿಂದ ಉದಯವಾಣಿ ಹೊರಡುತ್ತಿರುವುದು 1970ರಿಂದ. ಗ್ರಂಥಾಲಯದಲ್ಲಿ ಹಳೆಯ ಸಂಪುಟ ತೆಗೆಸಿ ತಾರೀಕು, ಪುಟ ಸಂಖ್ಯೆ, ಶೀರ್ಷಿಕೆ ಬರೆದುಕೊಂಡರೆ ಅದೇ ಗಟ್ಟಿ ಆಧಾರ. ಉಡುಪಿಯವರು ಒಂದು ನೆನಪಿಡಿ: ನಿಮ್ಮ ಜಿಲ್ಲೆ ಬೇರೆಯಾದದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ದಾಖಲೆಗಳನ್ನು ದಕ್ಷಿಣ ಕನ್ನಡದ ಅಡಿಯಲ್ಲಿ, ಬ್ರಿಟಿಷರ ಕಾಲದ್ದಾದರೆ ಸೌತ್ ಕೆನರಾ ಎಂಬ ಹೆಸರಿನಲ್ಲಿ ಹುಡುಕಬೇಕು.

ಯಕ್ಷಗಾನ, ಭೂತಾರಾಧನೆ, ನಾಟಿವೈದ್ಯ ಇವುಗಳ ವಿಷಯದಲ್ಲಿ ನನಗೆ ನಿಜವಾದ ಸಂಕಟವಿದೆ. ಮೂವತ್ತು ವರ್ಷ ಗೆಜ್ಜೆ ಕಟ್ಟಿದ ಕಲಾವಿದರ ಬಗ್ಗೆ ಅಚ್ಚಾದ ಎರಡು ಪ್ಯಾರಾ ಸಿಗುವುದಿಲ್ಲ. ಅವರ ಮಗಳು ಬಂದು "ನನಗೆ ಗೊತ್ತಿರುವುದನ್ನು ಬರೆದರೆ ಆಗುವುದಿಲ್ಲವೇ?" ಎಂದು ಕೇಳಿದಾಗ ಆಗುವುದಿಲ್ಲ ಎನ್ನಲು ಬಾಯಿ ಬರುವುದಿಲ್ಲ. ಆದರೂ ದಾರಿ ಇದೆ. ಹಿರಿಯ ಕಲಾವಿದರು ನಮ್ಮ ನಡುವೆ ಇರುವಾಗಲೇ ಅವರ ಸಂದರ್ಶನ ಮಾಡಲು ಪತ್ರಿಕೆಯವರನ್ನು, ಕಾಲೇಜಿನ ಕನ್ನಡ ಅಧ್ಯಾಪಕರನ್ನು, ಸಂಶೋಧಕರನ್ನು ಕೇಳಿಕೊಳ್ಳಿ. ಅದು ಅವರ ಹೊಣೆಯಲ್ಲಿ ಮೊದಲು ಬೇರೆ ಕಡೆ ಪ್ರಕಟವಾಗಲಿ. ವಿಕಿಪೀಡಿಯ ಆಮೇಲೆ ಅದನ್ನು ಉಲ್ಲೇಖಿಸಬಲ್ಲದು.

ದೇವಸ್ಥಾನಗಳ ಪುಟಕ್ಕೆ ಇನ್ನೊಂದು ಎಚ್ಚರಿಕೆ. ಸ್ಥಳಪುರಾಣವನ್ನು ಇತಿಹಾಸದ ವಿಭಾಗದಲ್ಲಿ ಬೆರೆಸಬೇಡಿ. "ಸ್ಥಳಪುರಾಣದ ಪ್ರಕಾರ" ಎಂದು ಅದನ್ನು ಪ್ರತ್ಯೇಕವಾಗಿ ಹೇಳಿ. ಶಾಸನದಲ್ಲಿ ಏನಿದೆ ಎಂಬುದು ಬೇರೆ ಪ್ಯಾರಾದಲ್ಲಿ ಬರಲಿ. ಎರಡಕ್ಕೂ ಅದರದರ ಜಾಗವಿದೆ.

6. ಚರ್ಚೆ ಪುಟದಲ್ಲಿ ಮನವಿ ಬರೆಯಿರಿ

ಲೇಖನದ ಪಕ್ಕದಲ್ಲೇ "ಚರ್ಚೆ" ಎಂಬ ಕೊಂಡಿ ಇರುತ್ತದೆ. ಅಲ್ಲಿ ಹೊಸ ವಿಭಾಗ ತೆರೆದು ಬರೆಯಿರಿ. "ನಮ್ಮ ಪುಟದಲ್ಲಿ ತುಂಬಾ ತಪ್ಪಿದೆ, ಸರಿಪಡಿಸಿ" ಎಂದರೆ ಸ್ವಯಂಸೇವಕನಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಯಾವ ವಿಭಾಗದ ಯಾವ ವಾಕ್ಯ, ಈಗ ಏನಿದೆ, ಏನಾಗಬೇಕು, ಆಧಾರ ಯಾವುದು ಎಂದು ಹೇಳಿ. ಮಾದರಿಗೆ ಒಂದು:

"ನಮಸ್ಕಾರ. ನಾನು ಈ ಸಂಘದ ಪ್ರಧಾನ ಕಚೇರಿಯಲ್ಲಿ ಸಂಬಳಕ್ಕೆ ಕೆಲಸ ಮಾಡುವವನು, ಹಾಗಾಗಿ ಪುಟವನ್ನು ನೇರವಾಗಿ ತಿದ್ದುತ್ತಿಲ್ಲ. ಇತಿಹಾಸ ವಿಭಾಗದ ಎರಡನೆಯ ವಾಕ್ಯದಲ್ಲಿ ಸ್ಥಾಪನೆಯ ವರ್ಷ 1961 ಎಂದಿದೆ. ಅದು 1951 ಆಗಬೇಕು. ಆಧಾರ: ಇಂಥ ಪತ್ರಿಕೆ, ಇಂಥ ತಾರೀಕು, 4ನೇ ಪುಟ. ಪುಟದ ಚಿತ್ರ ಬೇಕಿದ್ದರೆ ತೋರಿಸುತ್ತೇನೆ. ದಯವಿಟ್ಟು ಪರಿಶೀಲಿಸಿ."

ಕೊನೆಯಲ್ಲಿ ನಾಲ್ಕು ಟಿಲ್ಡೆ (~~~~) ಹಾಕಿದರೆ ನಿಮ್ಮ ಸಹಿ, ದಿನ, ಸಮಯ ತಾನಾಗಿಯೇ ಬರುತ್ತದೆ. ಒಂದು ಮನವಿಯಲ್ಲಿ ಒಂದೋ ಎರಡೋ ಬದಲಾವಣೆ ಸಾಕು. ಇಪ್ಪತ್ತು ಬದಲಾವಣೆಯ ಪಟ್ಟಿಯನ್ನು ಪರಿಶೀಲಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಇಂಗ್ಲಿಷ್ ವಿಕಿಪೀಡಿಯದಲ್ಲಿ ಇಂತಹ ಮನವಿಗೆಂದೇ ಒಂದು ಟೆಂಪ್ಲೇಟು, ಎಂದರೆ ಪುಟದಲ್ಲಿ ಹಾಕುವ ಸಿದ್ಧ ನಮೂನೆ, ಇದೆ. ಅದನ್ನು ಹಾಕಿದರೆ ಮನವಿ ಸರದಿಯಲ್ಲಿ ನಿಲ್ಲುತ್ತದೆ. ಕನ್ನಡದಲ್ಲಿ ಚರ್ಚೆ ಪುಟದಲ್ಲಿ ಬರೆದು, ಉತ್ತರ ಬರದಿದ್ದರೆ "ಅರಳಿ ಕಟ್ಟೆ"ಯಲ್ಲಿ ಒಂದು ಸಾಲು ತಿಳಿಸಿ. ಸಂಪಾದಕರೆಲ್ಲ ಸೇರಿ ಮಾತಾಡುವ ಪುಟಕ್ಕೆ ಕನ್ನಡ ವಿಕಿಪೀಡಿಯದವರು ಇಟ್ಟ ಹೆಸರದು.

7. ಭಾಷೆಯನ್ನು ಇಳಿಸಿ

"1951ರಲ್ಲಿ ಪುಟ್ಟ ಸಸಿಯಾಗಿ ನೆಟ್ಟ ನಮ್ಮ ಸಂಘವು ಇಂದು ಹೆಮ್ಮರವಾಗಿ ಬೆಳೆದು, ನಗುಮೊಗದ ಸೇವೆಯಿಂದ ಮನೆಮಾತಾಗಿದೆ." ಸ್ವಾಗತ ಭಾಷಣಕ್ಕೆ ಇದು ಚೆನ್ನಾಗಿಯೇ ಇದೆ. ವಿಶ್ವಕೋಶಕ್ಕೆ ಬೇಕಾದದ್ದು: "ಸಂಘವು 1951ರಲ್ಲಿ ನೋಂದಣಿಯಾಯಿತು." ಅದರ ನಂತರ ಶಾಖೆಗಳ ಸಂಖ್ಯೆ, ಯಾವ ವರ್ಷದ ಲೆಕ್ಕ ಎಂಬುದರ ಜೊತೆಗೆ.

ನಮ್ಮೂರಿನದೇ ಒಂದು ಉದಾಹರಣೆ. ವಿಜಯಾ ಬ್ಯಾಂಕ್ 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು, 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. ಆ ದಿನ ಇಲ್ಲಿ ಎಷ್ಟು ಮನೆಗಳಲ್ಲಿ ಬೇಸರವಿತ್ತೆಂದು ನಮಗೆಲ್ಲ ಗೊತ್ತು. "ಅನ್ಯಾಯವಾಗಿ ವಿಲೀನಗೊಳಿಸಲಾಯಿತು" ಎಂದು ಪುಟದಲ್ಲಿ ಬರೆದರೆ ಅದು ವಿಶ್ವಕೋಶದ ಅಭಿಪ್ರಾಯವಾಗುತ್ತದೆ, ನಿಲ್ಲುವುದಿಲ್ಲ. "ನೌಕರರ ಸಂಘಟನೆಗಳು ವಿಲೀನವನ್ನು ವಿರೋಧಿಸಿದವು" ಎಂದು ಪತ್ರಿಕೆಯ ವರದಿಯ ಆಧಾರದಿಂದ ಬರೆದರೆ ನಿಲ್ಲುತ್ತದೆ.

8. ಕೆಟ್ಟ ಸುದ್ದಿ ಇದ್ದರೆ

ಹೆಚ್ಚಿನವರು ಬರುವುದೇ ಇದಕ್ಕಾಗಿ. ಕಾಲೇಜಿನಲ್ಲಿ ನಡೆದ ರ‍್ಯಾಗಿಂಗ್ ಪ್ರಕರಣ, ಠೇವಣಿದಾರರ ದೂರು, ಆಸ್ಪತ್ರೆಯ ಮೇಲಿನ ಮೊಕದ್ದಮೆ ಇಂಥದ್ದೇನೋ ಪುಟದಲ್ಲಿರುತ್ತದೆ. ಆಡಳಿತ ಮಂಡಳಿಯ ಸಭೆಯಲ್ಲಿ "ಅದನ್ನು ತೆಗೆಸಿ" ಎಂದು ಠರಾವು ಆಗುತ್ತದೆ.

ದಯವಿಟ್ಟು ಅಳಿಸಬೇಡಿ. ಒಳ್ಳೆಯ ಆಧಾರವಿರುವ ಮಾತನ್ನು ಅಳಿಸಿದರೆ ಅದು ಗಂಟೆಯೊಳಗೆ ವಾಪಸ್ ಬರಬಹುದು, ನಿಮ್ಮ ಅಳಿಸುವಿಕೆ ಮಾತ್ರ ಇತಿಹಾಸದಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಅದರ ಬದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಪುಟದಲ್ಲಿರುವ ಮಾತು ಆಧಾರದಲ್ಲಿ ಇರುವುದಕ್ಕಿಂತ ಹೆಚ್ಚಾಗಿದೆಯೇ? ಆಮೇಲೆ ನಡೆದದ್ದು, ಎಂದರೆ ನ್ಯಾಯಾಲಯದ ತೀರ್ಪು, ತನಿಖೆಯ ಫಲ ಬಿಟ್ಟುಹೋಗಿದೆಯೇ? ಅರವತ್ತು ವರ್ಷದ ಸಂಸ್ಥೆಯ ಪುಟದಲ್ಲಿ ಒಂದು ಘಟನೆಯೇ ಅರ್ಧ ಜಾಗ ತಿಂದಿದೆಯೇ? ಇವುಗಳಲ್ಲಿ ಒಂದಕ್ಕಾದರೂ ಹೌದು ಎಂದಾದರೆ ಚರ್ಚೆ ಪುಟದಲ್ಲಿ ನಿಮ್ಮ ವಾದಕ್ಕೆ ಬಲವಿದೆ. ಯಾವುದೂ ಇಲ್ಲದಿದ್ದರೆ ಆ ವಾಕ್ಯ ಅಲ್ಲಿರಬೇಕಾದದ್ದೇ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ, ಆ ಪುಟ ಓದುವವರು ಯಾರು ಎಂಬ ಯೋಚನೆ. ಪಿಯುಸಿ ಮುಗಿಸಿದ ಹುಡುಗಿ ಯಾವ ಕಾಲೇಜಿಗೆ ಸೇರಲಿ ಎಂದು ನೋಡುತ್ತಿರುತ್ತಾಳೆ. ನಿವೃತ್ತರಾದ ಮೇಷ್ಟ್ರು ಪಿಎಫ್ ಹಣ ಎಲ್ಲಿ ಇಡಲಿ ಎಂದು ನೋಡುತ್ತಿರುತ್ತಾರೆ. ಭಾರತದ್ದೇ ಒಂದು ಖಾಸಗಿ ಮ್ಯಾನೇಜ್‌ಮೆಂಟ್ ಸಂಸ್ಥೆಯ ಪುಟವನ್ನು ಒಂದು ಖಾತೆ ವರ್ಷಗಟ್ಟಲೆ ಆ ಸಂಸ್ಥೆಗೆ ಅನುಕೂಲವಾಗುವಂತೆ ತಿದ್ದುತ್ತಾ ಬಂದಿತ್ತು. ಅದು ಇಂಗ್ಲಿಷ್ ವಿಕಿಪೀಡಿಯದ ನಿರ್ವಾಹಕರದೇ, ಎಂದರೆ ಪುಟ ಅಳಿಸುವ, ಖಾತೆ ತಡೆಯುವ ಅಧಿಕಾರವಿರುವ ಸಂಪಾದಕರದೇ ಖಾತೆ. 2015ರಲ್ಲಿ ಸಂಪಾದಕರ ನಡುವಿನ ವ್ಯಾಜ್ಯ ತೀರ್ಮಾನಿಸುವ ಅಲ್ಲಿನ ಪಂಚಾಯಿತಿ ಸಮಿತಿ ಆ ಖಾತೆಯನ್ನು ನಿಷೇಧಿಸಿತು. ಅಷ್ಟು ವರ್ಷ ಆ ಪುಟ ಓದಿ ಶುಲ್ಕ ಕಟ್ಟಿದ ಮಕ್ಕಳಿಗೆ ಆ ನಿಷೇಧದಿಂದ ಏನೂ ವಾಪಸ್ ಬರಲಿಲ್ಲ.

9. ಪುಟವೇ ಇಲ್ಲದಿದ್ದರೆ

ಸಂಸ್ಥೆ ದೊಡ್ಡದಾದ ಮಾತ್ರಕ್ಕೆ ಪುಟ ಬರುವುದಿಲ್ಲ. ಬೇರೆಯವರು ಅದರ ಬಗ್ಗೆ ಸಾಕಷ್ಟು ವಿವರವಾಗಿ ಬರೆದಿರಬೇಕು. ಇದನ್ನು "ಗಮನಾರ್ಹತೆ" ಎನ್ನುತ್ತಾರೆ. ಅಂತಹ ಮೂರ್ನಾಲ್ಕು ಸ್ವತಂತ್ರ ಬರಹ ನಿಮ್ಮಲ್ಲಿದ್ದರೆ ಪ್ರಯೋಗಪುಟದಲ್ಲಿ, ಎಂದರೆ ಕರಡು ಬರೆಯುವ ಜಾಗದಲ್ಲಿ, ಬರೆದು ಅರಳಿ ಕಟ್ಟೆಯಲ್ಲಿ ಪರಿಶೀಲನೆಗೆ ಕೇಳಿ. ಇಂಗ್ಲಿಷ್‌ನಲ್ಲಿ ಕರಡನ್ನು ಪರಿಶೀಲನೆಗೆ ಸಲ್ಲಿಸುವ ವ್ಯವಸ್ಥೆಯೇ ಇದೆ.

ಗೂಗಲ್‌ನಲ್ಲಿ ಮೇಲೆ ಬರಲು ವಿಕಿಪೀಡಿಯದಲ್ಲಿ ವೆಬ್‌ಸೈಟಿನ ಕೊಂಡಿ ಬೇಕು ಎಂದು ಏಜೆನ್ಸಿಯವರು ಹೇಳಿದರೆ ನಂಬಬೇಡಿ. ವಿಕಿಪೀಡಿಯದಿಂದ ಹೊರಗೆ ಹೋಗುವ ಕೊಂಡಿಗಳಿಗೆ 2007ರಿಂದಲೂ "ನೋಫಾಲೋ" ಗುರುತು ಇದೆ. ಆ ಕೊಂಡಿಯನ್ನು ಶಿಫಾರಸು ಎಂದು ಎಣಿಸಬೇಡಿ ಎಂದು ಹುಡುಕುತಾಣಗಳಿಗೆ ಹೇಳುವ ಗುರುತು ಅದು.

ಸಾಮಾನ್ಯವಾಗಿ ಬೀಳುವ ಗುಂಡಿಗಳು

ಅಂಟಿಸುವುದು. ನಿಮ್ಮ ವೆಬ್‌ಸೈಟಿನ ಪಠ್ಯ ನಿಮ್ಮದೇ ಆದರೂ ಅದರ ಕೃತಿಸ್ವಾಮ್ಯವನ್ನು ಮುಕ್ತ ಪರವಾನಗಿಗೆ, ಎಂದರೆ ಯಾರು ಬೇಕಾದರೂ ಬಳಸಬಹುದೆಂಬ ಒಪ್ಪಿಗೆಗೆ, ಬಿಟ್ಟುಕೊಟ್ಟ ದಾಖಲೆ ಇಲ್ಲದಿದ್ದರೆ ಅದನ್ನು ತೆಗೆದುಹಾಕುತ್ತಾರೆ. ಬಿಟ್ಟುಕೊಟ್ಟರೂ ಪ್ರಚಾರದ ಭಾಷೆ ಉಳಿಯುವುದಿಲ್ಲ.

ಫೋಟೊ. ಚಿತ್ರದಲ್ಲಿ ಇರುವವರು ನಿಮ್ಮ ಸ್ಥಾಪಕರೇ ಇರಬಹುದು, ಹಕ್ಕು ಮಾತ್ರ ಸಾಮಾನ್ಯವಾಗಿ ತೆಗೆದ ಛಾಯಾಗ್ರಾಹಕರದು. ಸ್ಟುಡಿಯೋದವರ ಲಿಖಿತ ಒಪ್ಪಿಗೆ ಇಲ್ಲದೆ, ವಿಕಿಪೀಡಿಯದ ಚಿತ್ರಗಳನ್ನು ಇಡುವ ತಾಣವಾದ ವಿಕಿಮೀಡಿಯ ಕಾಮನ್ಸ್‌ಗೆ "ಸ್ವಂತ ಕೃತಿ" ಎಂದು ಏರಿಸಬೇಡಿ. ನಿಮ್ಮ ಕಟ್ಟಡವನ್ನು ನೀವೇ ಮೊಬೈಲಿನಲ್ಲಿ ತೆಗೆದು ಏರಿಸಿದರೆ ತೊಂದರೆಯಿಲ್ಲ. ಹಿತಾಸಕ್ತಿ ಇರುವವರು ಧಾರಾಳವಾಗಿ ಮಾಡಬಹುದಾದ ಉಪಕಾರ ಇದು.

ಕೈಗೊಂಬೆ ಖಾತೆ. ಒಬ್ಬರೇ ಬೇರೆ ಬೇರೆ ಹೆಸರಿನಲ್ಲಿ ಬಂದು ತಮ್ಮ ಮಾತಿಗೆ ತಾವೇ ಹೌದು ಹೌದು ಎನ್ನುವುದು. ಹಳೆವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ "ಎಲ್ಲರೂ ಹೋಗಿ ಬೆಂಬಲಿಸಿ" ಎಂದು ಹಾಕುವುದೂ ಇದರ ಇನ್ನೊಂದು ರೂಪ. ಇಲ್ಲಿ ತಲೆ ಎಣಿಸುವುದಿಲ್ಲ, ವಾದ ತೂಗುತ್ತಾರೆ.

ತಿದ್ದುಗೆ ಜಗಳ. ಅವರು ತೆಗೆದದ್ದನ್ನು ನೀವು ಹಾಕುವುದು, ನೀವು ಹಾಕಿದ್ದನ್ನು ಅವರು ತೆಗೆಯುವುದು. ಇಂಗ್ಲಿಷ್ ವಿಕಿಪೀಡಿಯದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಹಿಂದಿರುಗಿಸಿದರೆ ಖಾತೆಯನ್ನು ತಡೆಯಬಹುದು. ಮೊದಲನೇ ಸಲಕ್ಕೇ ನಿಲ್ಲಿಸಿ, ಚರ್ಚೆಗೆ ಬನ್ನಿ.

ಹಣ ಕೇಳುವವರು. "ನಾನು ವಿಕಿಪೀಡಿಯ ಅಡ್ಮಿನ್, ಇಷ್ಟು ಕೊಟ್ಟರೆ ನಿಮ್ಮ ಪುಟ ಅಳಿಯದಂತೆ ನೋಡಿಕೊಳ್ಳುತ್ತೇನೆ" ಎಂಬ ಮಿಂಚಂಚೆ ಬಂದರೆ ಅದು ಮೋಸ. 2015ರಲ್ಲಿ ಇಂಗ್ಲಿಷ್ ವಿಕಿಪೀಡಿಯದವರು ಇಂತಹದೇ ಒಂದು ಜಾಲ ಹಿಡಿದು 381 ಖಾತೆಗಳನ್ನು ಒಟ್ಟಿಗೆ ಮುಚ್ಚಿದರು. ಆ ಜಾಲದವರು ತಿರಸ್ಕೃತವಾದ ಕರಡುಗಳನ್ನು ಹುಡುಕಿ, ಅವು ಯಾರ ಬಗ್ಗೆ ಇದ್ದವೋ ಆ ಸಣ್ಣ ವ್ಯಾಪಾರಿಗಳನ್ನೇ ಸಂಪರ್ಕಿಸಿ ಹಣ ಕೇಳುತ್ತಿದ್ದರು. ನಿರ್ವಾಹಕರು ಸ್ವಯಂಸೇವಕರು, ಯಾವ ಕೆಲಸಕ್ಕೂ ದುಡ್ಡು ಕೇಳುವುದಿಲ್ಲ. ಅಂತಹ ಮಿಂಚಂಚೆಯನ್ನು ಉಳಿಸಿಟ್ಟು ಅರಳಿ ಕಟ್ಟೆಯಲ್ಲಿ ತಿಳಿಸಿ.

10. ಕಾಯುವುದು, ಮತ್ತೆ ಕೇಳುವುದು

2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲೂ 2016ರಲ್ಲಿ ಶುರುವಾದ ತುಳು ವಿಕಿಪೀಡಿಯದಲ್ಲೂ ನಿತ್ಯ ಕೆಲಸ ಮಾಡುವವರು ಬೆರಳೆಣಿಕೆಯಷ್ಟು. ಅವರಿಗೂ ಉದ್ಯೋಗವಿದೆ, ಮನೆಯಿದೆ. ಕೈಗಳು ಕಡಿಮೆ ಇರುವುದರಿಂದ ಒಂದು ಪ್ರಚಾರದ ಪುಟ ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಉಳಿದುಬಿಡುವುದೂ ಉಂಟು. ಹಾಗೆ ಉಳಿದದ್ದನ್ನು ಒಪ್ಪಿಗೆ ಎಂದು ತಿಳಿಯಬೇಡಿ.

ಎರಡು ವಾರ ಕಾದು ಉತ್ತರ ಬರದಿದ್ದರೆ ಅದೇ ಮನವಿಯ ಕೆಳಗೆ ಸೌಜನ್ಯದಿಂದ ಮತ್ತೊಂದು ಸಾಲು ಬರೆಯಿರಿ. ಆಗದು ಎಂದರೆ ಯಾವ ಕಾರಣಕ್ಕೆ ಎಂದು ಕೇಳಿ. ಕಾರಣ ಆಧಾರದ ಕೊರತೆಯಾಗಿದ್ದರೆ ಐದನೇ ಹೆಜ್ಜೆಗೆ ಹಿಂದಿರುಗಿ. ಕಾಯುವ ಹೊತ್ತಿನಲ್ಲಿ ನಿಮಗೆ ಯಾವ ಲಾಭವೂ ಇಲ್ಲದ ಒಂದು ಪುಟ ತಿದ್ದಿ ನೋಡಿ. ನಿಮ್ಮ ಊರಿನ ಹೊಳೆ, ಅಲ್ಲಿನ ಹಳೆಯ ಸೇತುವೆ, ಮನೆಯಲ್ಲಿ ಮಾಡುವ ಒಂದು ಅಡುಗೆ ಯಾವುದಾದರೂ ಆದೀತು. ಅಲ್ಲಿ ನೀವು ಬರೆದದ್ದನ್ನು ಬೇರೆಯವರು ತಿದ್ದುವಾಗ, ನಿಮ್ಮ ಸಂಸ್ಥೆಯ ಪುಟಕ್ಕೆ ಅವರು ಹೇಳುತ್ತಿರುವುದು ಏನೆಂದು ಬೇಗ ಅರ್ಥವಾಗುತ್ತದೆ.

ಬದಲಾವಣೆ ಆದ ಮೇಲೆ ಪುಟವನ್ನು ನಿಮ್ಮ ವೀಕ್ಷಣಾಪಟ್ಟಿಗೆ ಸೇರಿಸಿಕೊಳ್ಳಿ. ಯಾರು ಯಾವಾಗ ತಿದ್ದಿದರೂ ಆ ಪಟ್ಟಿಯಲ್ಲಿ ಕಾಣುತ್ತದೆ. ನೀವು ಸಂಸ್ಥೆ ಬಿಟ್ಟು ಬೇರೆ ಕಡೆ ಹೋಗುವಾಗ ಸದಸ್ಯ ಪುಟದಲ್ಲಿ ಅದನ್ನೂ ಬರೆದು, ನಿಮ್ಮ ಜಾಗಕ್ಕೆ ಬಂದವರಿಗೆ ಅವರದೇ ಖಾತೆ ತೆರೆಯಲು ಹೇಳಿ. ನಿಮ್ಮ ಪಾಸ್‌ವರ್ಡ್ ಅವರಿಗೆ ಕೊಡಬೇಡಿ.